ಮಂಗಳವಾರದ ಬಿಸಿಲು

ಮೆಟ್ಟಿಲ ಬುಡದಿಂದ ಹಾಜಿ ಮುತಹ್ಹರ್ ಅವರ "ಅಲ್ಲಾಹ್, ಅಲ್ಲಾಹ್" ಕೇಳಿಸಿತು ಅಂದರೆ, ಮಾಳಿಗೆಯ ಮೇಲಿನ ಹೆಂಗಸರಿಗೆ ಇನ್ನೂ ಬೇಕಾದಷ್ಟು ಹೊತ್ತಿದೆ ಅಂತ ಅರ್ಥ. ಐದು ಅಂತಸ್ತಿನ ಮನೆ. ಒಂದು ಮೆಟ್ಟಿಲಿನ ಎತ್ತರ ಇನ್ನೊಂದಕ್ಕಿಲ್ಲ. ಕಟ್ಟಿದವರು ಇದನ್ನು ಮನುಷ್ಯರಿಗಲ್ಲ, ಆಡುಗಳಿಗೆ ಕಟ್ಟಿದ್ದಾರೆ ಎಂದು ಹಾಜಿಯ ಹೆಂಡತಿ ಲುತ್ಫಿಯಾ ಮದುವೆಯಾಗಿ ಬಂದ ದಿನದಿಂದ ಹೇಳುತ್ತಲೇ ಇದ್ದಳು. ಹಾಜಿಗೂ ಅವರ ಮೊಣಕಾಲುಗಳಿಗೂ ಆಗಿಬರುತ್ತಿರಲಿಲ್ಲ. ಪ್ರತಿ ತಿರುವಿನಲ್ಲೂ ನಿಂತು, ಗೋಡೆಗೆ ಒರಗಿ, ಉಸಿರು ಕೂಡಿಸಿಕೊಂಡು ಅವರು ಮತ್ತೊಮ್ಮೆ "ಅಲ್ಲಾಹ್" ಅನ್ನುವಷ್ಟರಲ್ಲಿ ಮೇಲಿನವರು ತಲೆಗೆ ಬಟ್ಟೆ ಹೊದ್ದು, ಚೆಲ್ಲಿದ್ದನ್ನು ಒರೆಸಿ, ಚಹಾ ಮುಗಿಸಿ, ಬೇಕೆನಿಸಿದರೆ ಒಂದು ಸಣ್ಣ ಜಗಳವನ್ನೂ ಆಡಿ ರಾಜಿಯಾಗಬಹುದಿತ್ತು.

ಸನಾದ ಹಳೇ ಊರಿನಲ್ಲಿ ಗಂಡಸಾದವನು ಮನೆಯ ಮೆಟ್ಟಿಲನ್ನು ದೇವರ ಹೆಸರು ಕೂಗಿಕೊಂಡೇ ಹತ್ತಬೇಕು. ಮೇಲಿರುವ ಹೆಂಗಸರಿಗೆ ಎಚ್ಚರವಾಗಲಿ ಅಂತ. ಕೂಗದೆ ಹತ್ತುವವನು ಕಳ್ಳ, ಅಲ್ಲದಿದ್ದರೆ ಕಳ್ಳನಿಗಿಂತ ಕೀಳು. ಮಾಳಿಗೆಯಂತೂ ಅಜ್ಜಿ ಮುತ್ತಜ್ಜಿಯರ ಕಾಲದಿಂದ ಹೆಂಗಸರದೇ ರಾಜ್ಯ. ಬಟ್ಟೆ ಒಣಗಿಸುವುದು, ಕೂದಲು ಬಾಚುವುದು, ಅಕ್ಕಪಕ್ಕದ ಮಾಳಿಗೆಯವರ ಜೊತೆ ಮಾತಾಡುವುದು ಎಲ್ಲ ಅಲ್ಲೇ. ಗಂಡಸರಿಗೆ ಅಲ್ಲಿ ಕೆಲಸವೂ ಇರಲಿಲ್ಲ, ಆಸೆಯೂ ಇರಲಿಲ್ಲ.

ಆಸೆ ಹುಟ್ಟಿಸಿದ್ದು ಯುದ್ಧ.

ಯುದ್ಧ ಶುರುವಾದ ವಸಂತದಲ್ಲೇ ಸರಕಾರದ ಕರೆಂಟು ಹೋಯಿತು. ಸರಕಾರ ಯಾವುದು ಅನ್ನುವುದೇ ಆಮೇಲೆ ತೀರ್ಮಾನವಾಗದೆ ಉಳಿದದ್ದರಿಂದ, ಕರೆಂಟು ಎಲ್ಲಿ ಅಂತ ಯಾರನ್ನು ಕೇಳಬೇಕು ಅನ್ನುವುದೂ ತಿಳಿಯಲಿಲ್ಲ. ಮೊದಮೊದಲು ಮೇಣದ ಬತ್ತಿ, ಆಮೇಲೆ ಕಾರುಗಳಿಂದ ಕಿತ್ತ ಬ್ಯಾಟರಿ, ಅದಾದ ಮೇಲೆ ಇಡೀ ಊರು ಸೋಲಾರ್ ಫಲಕಗಳ ಹಿಂದೆ ಬಿತ್ತು. ಒಣದ್ರಾಕ್ಷಿ ವ್ಯಾಪಾರದ ಹಾಜಿಯೂ ಒಂದು ಚಳಿಗಾಲದ ಸರಕನ್ನೆಲ್ಲ ಒಟ್ಟಿಗೆ ಮಾರಿ ನಾಲ್ಕು ಫಲಕ ತಂದರು. ತಂದದ್ದು ಟೀವಿಗಾಗಿ. ಮಧ್ಯಾಹ್ನದ ಊಟವಾದ ಮೇಲೆ ಅವರ ಎರಡನೇ ಅಂತಸ್ತಿನ ದಿವಾನಖಾನೆಯಲ್ಲಿ ಗೆಳೆಯರು ಸೇರಿ, ಕೆನ್ನೆ ಉಬ್ಬುವಷ್ಟು ಖಾತ್ ಎಲೆ ಅಗಿಯುತ್ತ ಯುದ್ಧ ನೋಡುತ್ತಿದ್ದರು. ಯುದ್ಧ ಕಿಟಕಿಯಿಂದಲೇ ಕೇಳಿಸುತ್ತಿತ್ತು, ಕೆಲವು ಸಲ ಕಿಟಕಿಯೂ ಅಲುಗುತ್ತಿತ್ತು. ಆದರೂ ಟೀವಿಯವನು ಹೇಳದ ಹೊರತು ಅವರು ನಂಬುತ್ತಿರಲಿಲ್ಲ.

ಹಾಜಿ ಒಂದನ್ನು ಯೋಚಿಸಿರಲಿಲ್ಲ. ಬಿಸಿಲು ಬೀಳುವುದು ಮಾಳಿಗೆಯ ಮೇಲೆ. ಫಲಕಗಳ ಧೂಳು ಒರೆಸುವವರು ಹೆಂಗಸರು. ಬ್ಯಾಟರಿ, ಇನ್ವರ್ಟರ್ ಎರಡೂ ಇದ್ದದ್ದು ಮೆಟ್ಟಿಲ ತುದಿಯ ಗೂಡಿನಲ್ಲಿ, ಬಾಗಿಲಿನ ಆಚೆ. ಗಂಡಸರ ಪಾಲಿಗೆ ಉಳಿದದ್ದು ದಿವಾನಖಾನೆಯ ಒಂದು ಸ್ವಿಚ್ಚು.

ಅಡುಗೆಮನೆಯ ಮೂಲೆಯಲ್ಲಿ ಒಂದು ವಾಷಿಂಗ್ ಮಿಷನ್ ಇತ್ತು. ಕರೆಂಟು ಹೋದ ಮೇಲೆ ಅದರ ದೊಡ್ಡ ತೊಟ್ಟಿಯಲ್ಲಿ ಈರುಳ್ಳಿ, ಹಿಂಡುವ ಸಣ್ಣ ತೊಟ್ಟಿಯಲ್ಲಿ ಬೆಳ್ಳುಳ್ಳಿ ಇಡುತ್ತಿದ್ದರು. ಈರುಳ್ಳಿಗೆ ಅದಕ್ಕಿಂತ ಒಳ್ಳೆಯ ಡಬ್ಬಿ ಇಲ್ಲ ಎಂದು ಲುತ್ಫಿಯಾ ಬಂದವರಿಗೆಲ್ಲ ಹೇಳುತ್ತಿದ್ದಳು. ಬಟ್ಟೆಯನ್ನು ಅತ್ತೆ ಸೊಸೆ ಇಬ್ಬರೂ ಕೈಯಲ್ಲೇ ಒಗೆಯುತ್ತಿದ್ದರು.

ಸೊಸೆ ಹೂರಿಯಾ. ಮಗ ಯಹ್ಯಾನ ಹೆಂಡತಿ. ಯಹ್ಯಾ ತೀರಿಹೋಗಿ ಎರಡನೇ ವರ್ಷ ನಡೆಯುತ್ತಿತ್ತು. ಅದರ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹೂರಿಯಾ ಯಾವುದರ ಬಗ್ಗೆಯೂ ಮಾತಾಡುತ್ತಿರಲಿಲ್ಲ. ಕರೆದರೆ ಬರುತ್ತಿದ್ದಳು. ಹೇಳಿದ್ದು ಮಾಡುತ್ತಿದ್ದಳು. ಮಧ್ಯಾಹ್ನದ ಮಾಂಸದ ಸಾರು, ಸಲ್ತಾದಲ್ಲಿ ಉಪ್ಪು ಹೆಚ್ಚಾಯಿತಾ ಅಂದರೆ ಇಲ್ಲ, ಕಮ್ಮಿಯಾಯಿತಾ ಅಂದರೆ ಇಲ್ಲ. ಲುತ್ಫಿಯಾ ಒಂದು ದಿನ ಬೇಕೆಂದೇ ಉಪ್ಪಿಲ್ಲದ ಸಲ್ತಾ ಬಡಿಸಿದಳು. ಹೂರಿಯಾ ಬಟ್ಟಲು ಖಾಲಿ ಮಾಡಿ, ತೊಳೆದು, ಕವುಚಿಟ್ಟಳು. ಜಗಳವಾಡುವ ಸೊಸೆಯನ್ನು ಕೊಡಪ್ಪಾ ಅಂತ ದೇವರನ್ನು ಬೇಡುವ ಅತ್ತೆ ಇಡೀ ಯೆಮನಿನಲ್ಲಿ ತಾನೊಬ್ಬಳೇ ಇರಬೇಕು ಎಂದು ಲುತ್ಫಿಯಾ ಪಕ್ಕದ ಮನೆಯ ಬಹ್ಜಾಳ ಹತ್ತಿರ ಹೇಳಿಕೊಂಡಿದ್ದಳು. ಬಹ್ಜಾ ತನ್ನ ಇಬ್ಬರು ಸೊಸೆಯರಲ್ಲಿ ಯಾರನ್ನು ಬೇಕಾದರೂ ಬದಲಿಗೆ ಕೊಡುತ್ತೇನೆ, ಇಬ್ಬರನ್ನೂ ತೆಗೆದುಕೊಂಡರೆ ಒಂದು ಮೇಕೆಯನ್ನೂ ಸೇರಿಸುತ್ತೇನೆ ಅಂದಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಈರುಳ್ಳಿ ತರಲು ಹೋದ ಹೂರಿಯಾ ಮಿಷನ್ನಿನ ಮುಚ್ಚಳ ಹಿಡಿದುಕೊಂಡು ನಿಂತೇ ಬಿಟ್ಟಳು.

"ಅತ್ತೆ, ಈರುಳ್ಳಿ ಬೇರೆ ಕಡೆ ಇಡಬಹುದಲ್ಲ," ಅಂದಳು. "ಇದನ್ನ ಮೇಲೆ ತಗೊಂಡ್ ಹೋದ್ರೆ ಬಿಸಿಲಲ್ಲಿ ತಿರುಗುತ್ತೆ."

ಮದುವೆಗೆ ಮುಂಚೆ ಅವಳು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವಳು. ಲುತ್ಫಿಯಾಗೆ ಭೌತಶಾಸ್ತ್ರವೂ ಗೊತ್ತಿರಲಿಲ್ಲ, ಮಿಷನ್ನು ತಿರುಗಬೇಕು ಅನ್ನುವ ಹಂಬಲವೂ ಇರಲಿಲ್ಲ. ಆದರೆ ಸೊಸೆಯ ಬಾಯಿಂದ ಒಂದರ ಹಿಂದೆ ಒಂದು ಎರಡು ಮಾತು ಬಂದು ಎಷ್ಟು ಕಾಲವಾಗಿತ್ತು. ಮೂರನೆಯದೂ ಬರುವುದಾದರೆ, ಮಿಷನ್ನು ಹಾಗಿರಲಿ, ಒಲೆಯನ್ನೂ ಕಿತ್ತು ಮೇಲೆ ಹೊರಲು ಅವಳು ತಯಾರಿದ್ದಳು. ಈರುಳ್ಳಿಯನ್ನು ಅಲ್ಲೇ ನೆಲದ ಮೇಲೆ ಸುರಿದಳು.

ಶುಕ್ರವಾರ ಗಂಡಸರೆಲ್ಲ ನಮಾಜಿಗೆ ಹೋದಾಗ ನಾಲ್ಕು ಜನ ಹೆಂಗಸರು ಸೇರಿ ಮಿಷನ್ನನ್ನು ಹೊತ್ತರು. ಮೂರನೇ ಅಂತಸ್ತಿನ ತಿರುವಿನಲ್ಲಿ ಅದು ಹಿಂದಕ್ಕೆ ಜಾರಿ ಬಹ್ಜಾಳನ್ನು ಗೋಡೆಗೆ ಒತ್ತಿ ಹಿಡಿಯಿತು. ಗಂಡ ಗಾಲಿಬ್ ಕೂಡ ನನ್ನನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿಲ್ಲ ಎಂದು ಬಹ್ಜಾ ಅಲ್ಲಿಂದಲೇ ಹೇಳಿದ್ದರಿಂದ, ಉಳಿದವರಿಗೆ ನಗು ಬಂದು ಅರ್ಧ ನಮಾಜಿನಷ್ಟು ಹೊತ್ತು ಮಿಷನ್ನು ಅಲ್ಲೇ ನಿಂತಿತು. ಹೂರಿಯಾ ನಗಲಿಲ್ಲ. ಆದರೆ "ಎಡಗಡೆ ಎತ್ತಿ" ಅಂದಳು. ಲುತ್ಫಿಯಾ ಅದನ್ನೂ ಲೆಕ್ಕಕ್ಕೆ ಹಿಡಿದಳು.

ಮನೆಯಿಂದ ಮಿಷನ್ನು ಕಾಣೆಯಾದದ್ದು ಹಾಜಿಗೆ ಗೊತ್ತಾಗುವ ಸಂಭವ ಇರಲಿಲ್ಲ. ಮದುವೆಯಾದ ಮೇಲೆ ಅವರು ಅಡುಗೆಮನೆಗೆ ಕಾಲಿಟ್ಟದ್ದು ಒಂದೇ ಸಲ, ಅದೂ ಬೆಕ್ಕು ಓಡಿಸಲು.

ನೀರಿನ ಲಾರಿ ಬರುವುದು ಮಂಗಳವಾರ, ಹಾಗಾಗಿ ಒಗೆತಕ್ಕೂ ಮಂಗಳವಾರ. ಬೀದಿಯ ಹೆಂಗಸರು ತಲಾ ಒಂದು ಕ್ಯಾನು ನೀರು, ಒಂದು ಹಿಡಿ ಸೋಪಿನ ಪುಡಿ, ಬಟ್ಟೆಯ ಗಂಟು ಹೊತ್ತುಕೊಂಡು ಬರತೊಡಗಿದರು. ಯುದ್ಧ ಬಂದ ಮೇಲೆ ಮದುವೆ ಮುಂಜಿಯ ಕೂಟಗಳೆಲ್ಲ ನಿಂತುಹೋಗಿದ್ದವು. ಹತ್ತು ಜನ ಹೆಂಗಸರು ಒಂದೆಡೆ ಸೇರಲು ಅಂತ ಉಳಿದದ್ದು ಸಾವಿನ ಮನೆ ಮಾತ್ರ. ಈಗ ಕೊಳೆ ಬಟ್ಟೆ ಒಂದು ನೆಪವಾಯಿತು. ಬಟ್ಟೆ ಕೊಳೆಯಾಗದವರೂ ಬಂದರು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮಿಷನ್ನು ತಿರುಗಿಸಬೇಕು, ಆದರೆ ಆಗ ಬ್ಯಾಟರಿಗೆ ಹೋಗುವುದು ಕಮ್ಮಿಯಾಗಿ ಸಂಜೆ ಟೀವಿ ಬೇಗ ಸಾಯುತ್ತದೆ ಎಂದು ಹೂರಿಯಾ ಮೊದಲೇ ಹೇಳಿದ್ದಳು. ಸಾಯಲಿ ಬಿಡು, ಅದರಲ್ಲಿ ಬರುವುದೂ ಸತ್ತವರ ಸುದ್ದಿಯೇ ಅಲ್ಲವೇ ಅಂದಿದ್ದಳು ಲುತ್ಫಿಯಾ.

ಲುತ್ಫಿಯಾಗೆ ಗೊತ್ತಿರಲಿಲ್ಲ, ಮಂಗಳವಾರ ಟೀವಿಯಲ್ಲಿ ಒಬ್ಬ ನಿವೃತ್ತ ಜನರಲ್ ಬರುತ್ತಾನೆ ಅಂತ. ಅವನು ಕೈಯಲ್ಲೊಂದು ಕೋಲು ಹಿಡಿದು, ನಕಾಶೆಯನ್ನು ತಿವಿಯುತ್ತ, ಈ ಯುದ್ಧ ಹೇಗೆ ಮುಗಿಯುತ್ತದೆ ಅನ್ನುವುದನ್ನು ವಿವರಿಸುವವನು. ಶುರುವಿನಲ್ಲಿ ಬಹಳ ಹೊತ್ತು ಗಂಟಲು ಸರಿಮಾಡಿಕೊಳ್ಳುತ್ತಾನೆ. ಆಮೇಲೆ ಬೆಟ್ಟಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ಕೊನೆಗೆ ಕೋಲನ್ನು ಬಗಲಿಗೆ ಇಟ್ಟು, "ಹೀಗಾಗಿ ಪ್ರಿಯ ವೀಕ್ಷಕರೇ, ಈ ಯುದ್ಧದ ಅಂತ್ಯ" ಅನ್ನುತ್ತಾನೆ. ಆ ಮಾತಿಗೆ ಸರಿಯಾಗಿ ಟೀವಿ ಕಣ್ಣುಮುಚ್ಚಿತು.

ಒಂದು ವಾರವಾದರೆ ಸಹಿಸಬಹುದು. ಮುಂದಿನ ಮಂಗಳವಾರವೂ ಅದೇ, ಅದರ ಮುಂದಿನದೂ ಅದೇ. ಬಹ್ಜಾಳ ಗಂಡ, ಚರ್ಮದ ವ್ಯಾಪಾರದ ಗಾಲಿಬ್, ಎಲ್ಲದಕ್ಕೂ ಕಾರಣ ಇಟ್ಟುಕೊಂಡಿರುವ ಮನುಷ್ಯ. ಮಂಗಳವಾರ ಹಾರುವ ವಿಮಾನಕ್ಕೆ ಬಿಸಿಲು ಹೀರುವ ಯಂತ್ರ ಕಟ್ಟಿದ್ದಾರೆ, ನಮಗೆ ಅಂತ್ಯ ಗೊತ್ತಾಗಬಾರದು ಅಂತಲೇ ಕಟ್ಟಿದ್ದಾರೆ ಎಂದು ಅವನು ಪ್ರಮಾಣ ಮಾಡಿ ಹೇಳಿದ. ಹಾಜಿ ವಿಮಾನವನ್ನು ನಂಬಲಿಲ್ಲ. ಎದ್ದು, ಮೆಟ್ಟಿಲ ಬುಡಕ್ಕೆ ಬಂದು, "ಅಲ್ಲಾಹ್, ಅಲ್ಲಾಹ್" ಶುರುಮಾಡಿದರು.

ಅವರು ಏದುಸಿರು ಬಿಡುತ್ತ ಮೇಲೆ ಮುಟ್ಟಿದಾಗ ಮಾಳಿಗೆ ಮಸೀದಿಯಷ್ಟು ಶಾಂತವಾಗಿತ್ತು. ಇಳಿಬಿಸಿಲಲ್ಲಿ ಫಲಕಗಳು ಫಳಫಳ ಅನ್ನುತ್ತಿದ್ದವು. ಹಗ್ಗದ ತುಂಬ ಬಟ್ಟೆ. ಒಂದು ಮೂಲೆಯಲ್ಲಿ ರಜಾಯಿಗಳ ಗುಡ್ಡೆ, ಅದರ ಮೇಲೆ ರಾಣಿಯರ ಹಾಗೆ ಕೂತ ಮೂವರು ಹೆಂಗಸರು. ಹಾಜಿ ಕಣ್ಣು ಬೇರೆ ಕಡೆ ತಿರುಗಿಸಿ, ಬ್ಯಾಟರಿಯ ಗೂಡಿನೊಳಗೆ ತಲೆ ಹಾಕಿ, ಅದನ್ನು ಎರಡು ಸಲ ತಟ್ಟಿ, ಇಳಿದು ಹೋದರು. ಇಳಿಯುವಾಗ ಮೊಣಕಾಲು ಇನ್ನೂ ಜೋರಾಗಿ ಮಾತಾಡಿತು.

ಬ್ಯಾಟರಿ ಮಾರಿದ ನಾಜಿಯ ಅಂಗಡಿಗೆ ಹೋಗಿ ಹಾಜಿ ಜಗಳ ತೆಗೆದರು. ಕೆಟ್ಟ ಬ್ಯಾಟರಿ ಏಳು ದಿನವೂ ಕೆಟ್ಟಿರುತ್ತದೆ, ಮಂಗಳವಾರ ಮಾತ್ರ ಕೆಡುವ ಬ್ಯಾಟರಿಯನ್ನು ಇನ್ನೂ ಯಾವ ದೇಶವೂ ತಯಾರಿಸಿಲ್ಲ ಅಂದ ನಾಜಿ. ನಿಮ್ಮ ಕಣ್ಣೆದುರಿಗಿಲ್ಲದ ಸಾಮಾನು ನಿಮ್ಮದಲ್ಲ, ಫಲಕಗಳನ್ನು ಗಂಡಸರು ನೋಡಿಕೊಳ್ಳುವ ಜಾಗಕ್ಕೆ ಇಳಿಸಿ ಎಂದೂ ಸಲಹೆ ಕೊಟ್ಟ. ಊರಬಾಗಿಲ ಬಳಿಯ ತನ್ನ ಅಂಗಡಿಯ ಚಾವಣಿ ಖಾಲಿಯಿದೆ ಎಂದು ಜೊತೆಗೆ ಹೋಗಿದ್ದ ಗಾಲಿಬ್ ಕೂಡಲೇ ಮುಂದೆ ಬಂದ. ಅಲ್ಲಿಂದ ದಿವಾನಖಾನೆಗೆ ತಂತಿ ಎಳೆದರಾಯಿತು. ದಾರಿಯಲ್ಲಿ ತನ್ನ ಅಂಗಡಿಗೂ ಒಂದು ಬಲ್ಬು. ಬರುವ ವಾರದಾಚೆಯ ಗುರುವಾರ ನಾಜಿ ಬಂದು ಫಲಕ ಬಿಚ್ಚುವುದು ಅಂತ ನಿರ್ಧಾರವಾಯಿತು.

ಲುತ್ಫಿಯಾಗೆ ಇದು ತಿಳಿದದ್ದು ಬಹ್ಜಾಳಿಂದ. ಅವಳು ಮೊದಲು ಅಷ್ಟೇನೂ ಚಿಂತೆ ಮಾಡಲಿಲ್ಲ. ಕೈಯಲ್ಲಿ ಒಗೆದು ಅಭ್ಯಾಸವಿತ್ತು. ಚಿಂತೆ ಶುರುವಾದದ್ದು ಆಮೇಲಿನ ಮಂಗಳವಾರ.

ಆವತ್ತು ಬಹ್ಜಾ ಎಲ್ಲರ ಬಟ್ಟೆಯ ಜೊತೆ ತನ್ನ ಮಗಳ ಹೊಸ ಕೆಂಪು ಶಾಲನ್ನೂ ತೊಟ್ಟಿಗೆ ಹಾಕಿಬಿಟ್ಟಳು. ಅಂಗಡಿಯವನು ಬಣ್ಣ ಬಿಡುವುದಿಲ್ಲ ಅಂತ ಕುರಾನಿನ ಮೇಲೆ ಆಣೆ ಇಟ್ಟಿದ್ದನಂತೆ. ಮುಚ್ಚಳ ತೆಗೆದಾಗ ಒಳಗಿದ್ದ ನೀರು ದಾಳಿಂಬೆ ಪಾನಕವಾಗಿತ್ತು. ಲುತ್ಫಿಯಾ ಕೈಹಾಕಿ ಎಳೆದಳು. ಹಾಜಿಯ ಬಿಳಿ ನಿಲುವಂಗಿ, ಗುಲಾಬಿ. ಗಾಲಿಬ್‌ನದು, ಗುಲಾಬಿ. ಬೀದಿಯ ಐದಾರು ಮರ್ಯಾದಸ್ಥರ ನಿಲುವಂಗಿಗಳು, ಅದೂ ತಲಾ ಇದ್ದ ಒಂದೊಂದೇ ಒಳ್ಳೆಯವು, ಒಂದರ ಹಿಂದೆ ಒಂದು ಗುಲಾಬಿಯಾಗಿ ಹೊರಬಂದವು.

ಆಗ ಹಿಂದಿನಿಂದ ಒಂದು ಸದ್ದು ಬಂತು. ಲುತ್ಫಿಯಾ ಮೊದಲು ಕೆಮ್ಮು ಅಂದುಕೊಂಡಳು. ತಿರುಗಿ ನೋಡಿದರೆ ಹೂರಿಯಾ ನೀರಿನ ಕ್ಯಾನು ಹಿಡಿದು ಬಗ್ಗಿಹೋಗಿದ್ದಳು. ಹೊಟ್ಟೆ ಒತ್ತಿಕೊಂಡು, ಒಂದು ಕೈಯಿಂದ ಗಾಲಿಬ್‌ನ ನಿಲುವಂಗಿ ತೋರಿಸುತ್ತ, ಮಾತು ಬಾರದೆ, ಮತ್ತೆ ತೋರಿಸುತ್ತ. ನಗು. ಬಹ್ಜಾ ಸಿಟ್ಟಿನಿಂದ, "ನಗು ನಗು, ನಿನ್ ಮಾವನ್ದೂ ಅದ್ರಲ್ಲೇ ಇದೆ ತಾಯೀ," ಅಂದಳು. ಹೂರಿಯಾ ನೆಲದ ಮೇಲೆ ಕೂತೇ ಬಿಟ್ಟಳು.

ಲುತ್ಫಿಯಾ ಹಗ್ಗದ ಬಟ್ಟೆಗಳ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದು ಬಂದಳು. ಬಂದವಳೇ ನಿರ್ಧರಿಸಿದಳು: ಈ ಫಲಕಗಳು ಈ ಮಾಳಿಗೆ ಬಿಟ್ಟು ಹೋಗುವುದಿಲ್ಲ. ಇವು ಹೋದರೆ ಮಿಷನ್ನು ಹೋಗುತ್ತದೆ, ಮಿಷನ್ನು ಹೋದರೆ ಮಂಗಳವಾರ ಹೋಗುತ್ತದೆ, ಮಂಗಳವಾರ ಹೋದರೆ ಹುಡುಗಿ ಮತ್ತೆ ಉಪ್ಪಿಲ್ಲದ ಸಲ್ತಾ ಕುಡಿಯುತ್ತ ಕೂರುತ್ತಾಳೆ.

ಹೇಗೆ ತಡೆಯುವುದು ಅನ್ನುವುದು ಮಾತ್ರ ಹೊಳೆಯಲಿಲ್ಲ. ಗಂಡನಿಗೆ ನೇರವಾಗಿ ಹೇಳಿಬಿಡಬಹುದಿತ್ತು. ಆದರೆ ಸೊಸೆ ನಕ್ಕಳು ಅಂತ ಹೇಳಬೇಕಾದರೆ, ಯಾಕೆ ನಗುತ್ತಿರಲಿಲ್ಲ ಅನ್ನುವುದನ್ನೂ ಹೇಳಿದ ಹಾಗಾಗುತ್ತದೆ. ಆ ಕಡೆಗೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಿರಲಿಲ್ಲ. ಜೀವನವಿಡೀ ಒಬ್ಬರನ್ನೊಬ್ಬರು ಯಹ್ಯಾನ ಅಪ್ಪ, ಯಹ್ಯಾನ ಅಮ್ಮ ಅಂತ ಕರೆದವರು, ಈಗ ಕರೆಯುವುದನ್ನೇ ಬಿಟ್ಟು "ಕೇಳಿಸ್ತಾ" ಅಂತ ಶುರುಮಾಡುತ್ತಿದ್ದರು. ಅಲ್ಲದೆ ಲುತ್ಫಿಯಾಗೆ ಒಳಗೊಂದು ಅಳುಕಿತ್ತು. ಮಗ ಸತ್ತ ಮನೆಯಲ್ಲಿ ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ ಅಂದರೆ ಮಾವನಾದವನು ಏನಂದುಕೊಳ್ಳಬಹುದು, ಯಾರಿಗೆ ಗೊತ್ತು.

ಮಾರನೆಯ ದಿನ ಗುಲಾಬಿ ನಿಲುವಂಗಿಗಳು ದಿವಾನಖಾನೆಗೆ ಬಂದವು.

ಪ್ರತಿ ಹೆಂಡತಿಯೂ ತನ್ನ ಗಂಡನಿಗೆ ಒಂದೊಂದು ಕಾರಣ ಹೇಳಿ ಕಳಿಸಿದ್ದಳು. ಒಬ್ಬಳು ಹೊಸ ಸೋಪು ಅಂದಿದ್ದಳು. ಒಬ್ಬಳು ಮೊನ್ನೆಯ ಧೂಳುಗಾಳಿ ಅಂದಿದ್ದಳು. ಬಹ್ಜಾ ಗಾಲಿಬ್‌ನಿಗೆ, ನಿಲುವಂಗಿ ಬೆಳ್ಳಗೇ ಇದೆ, ನಿನ್ನ ಕಣ್ಣಿಗೆ ವಯಸ್ಸಾಗಿದೆ ಅಂದಿದ್ದಳು. ಆದರೂ ಎಲ್ಲರೂ ಅಳುಕುತ್ತಲೇ ಬಂದರು. ಒಳಗೆ ಕಾಲಿಟ್ಟ ಕೂಡಲೇ ಅವರ ಜೀವಕ್ಕೆ ಸಮಾಧಾನವಾಯಿತು. ದಿವಾನಖಾನೆಯ ಕಿಟಕಿಗಳ ಮೇಲಿದ್ದದ್ದು ಕಮಾನಿನಾಕಾರದ ಬಣ್ಣಬಣ್ಣದ ಗಾಜು. ಇಳಿಬಿಸಿಲು ಅದರಿಂದ ತೂರಿ ಬಂದು ಇಡೀ ಕೋಣೆಗೆ ಕೆಂಪು, ನೀಲಿ, ಹಳದಿ ಬಳಿಯುತ್ತಿತ್ತು. ಎದುರಿಗೆ ಕೂತವನ ನಿಲುವಂಗಿಯೂ ಗುಲಾಬಿ ಕಂಡಾಗ, ಓಹೋ, ಗಾಜಿನ ಬಣ್ಣ ಅಂದುಕೊಂಡರು. ಎಲ್ಲರೂ ನಿರಾಳವಾಗಿ ದಿಂಬಿಗೆ ಒರಗಿ ಎಲೆ ಬಿಡಿಸತೊಡಗಿದರು. ಸಂಜೆಯವರೆಗೂ ಬಹಳ ಒಳ್ಳೆಯ ಮಾತುಕತೆ ನಡೆಯಿತು.

ಸೂರ್ಯ ಮುಳುಗಿದ. ಗಾಜು ಕಪ್ಪಾಯಿತು. ಹಾಜಿ ಸ್ವಿಚ್ಚು ಒತ್ತಿದರು. ಬಿಳಿಯ ಬಲ್ಬಿನ ಕೆಳಗೆ ಐದಾರು ಮರ್ಯಾದಸ್ಥರು, ಸೊಂಟದ ಪಟ್ಟಿಯಲ್ಲಿ ಬಾಗಿದ ಕಠಾರಿ ಸಿಕ್ಕಿಸಿಕೊಂಡು, ಮದುವೆಮನೆಯ ಮಿಠಾಯಿಗಳ ಹಾಗೆ ಸಾಲಾಗಿ ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗಾಲಿಬ್, ಬಹುಶಃ ಗಾಜಿನ ಬಣ್ಣ ಬಟ್ಟೆಗೆ ಹಿಡಿದಿರಬೇಕು, ವಿಮಾನದ ಹೊಗೆಯಿಂದ ಹಾಗಾಗುತ್ತದಂತೆ ಅಂದ. ಎಲ್ಲರೂ ಹೌದು ಹೌದು ಅಂದು ಬೇಗ ಎದ್ದು ಹೋದರು.

ಹಾಜಿ ಒಬ್ಬರೇ ಕೂತು ತಮ್ಮ ತೋಳನ್ನು ಮೂಸಿ ನೋಡಿದರು. ಅದೇ ಸೋಪು. ಎಲ್ಲರ ಮೈಯಿಂದಲೂ ಅದೇ ಸೋಪಿನ ವಾಸನೆ ಬಂದಿತ್ತು. ಒಂದೇ ಬಣ್ಣ, ಒಂದೇ ವಾಸನೆ, ಅಂದರೆ ಒಂದೇ ತೊಟ್ಟಿ. ಅವರು ಒಣದ್ರಾಕ್ಷಿಯ ವ್ಯಾಪಾರಿ, ಯಾವ ದ್ರಾಕ್ಷಿ ಯಾವ ತೋಟದ್ದು ಅಂತ ಮೂಗಿನಿಂದ ಹೇಳುವವರು. ಎದ್ದು, ನೆಟ್ಟಗೆ ಅಡುಗೆಮನೆಗೆ ಹೋದರು. ಬೆಕ್ಕಿನ ನಂತರ ಎರಡನೇ ಸಲ. ಮೂಲೆಯಲ್ಲಿ ಮಿಷನ್ನು ಇರಬೇಕಾದ ಜಾಗದಲ್ಲಿ ಈರುಳ್ಳಿಯ ರಾಶಿ ಇತ್ತು. ಅದನ್ನು ನೋಡಿ ಹೊರಗೆ ಬಂದರು. ಅವರು ಸುಮ್ಮನಿದ್ದದ್ದೇ ಲುತ್ಫಿಯಾಗೆ ಭಯ ತಂದಿತು.

ಮಂಗಳವಾರ ಬಂತು. ನಾಜಿ ಬರುವ ಗುರುವಾರಕ್ಕೆ ನಡುವೆ ಉಳಿದದ್ದು ಬುಧವಾರ ಒಂದೇ. ಲುತ್ಫಿಯಾ ಚಹಾದ ಕೆಟಲ್ಲು ತರಲು ಕೆಳಗೆ ಇಳಿದಿದ್ದಳು. ಮತ್ತೆ ಹತ್ತುತ್ತ ನಾಲ್ಕನೇ ಅಂತಸ್ತಿನ ತಿರುವಿಗೆ ಬಂದಾಗ ಮೇಲೆ ಯಾರೋ ನಿಂತದ್ದು ಕಂಡಿತು. ಹಾಜಿ. ಅಂಗಡಿಯಲ್ಲಿರಬೇಕಾದ ಹೊತ್ತು. ಬರಿಗಾಲು, ಚಪ್ಪಲಿ ಎರಡೂ ಕೈಯಲ್ಲಿ. ಗುಲಾಬಿ ನಿಲುವಂಗಿಯನ್ನು ಮೊಣಕಾಲ ತನಕ ಎತ್ತಿ ಕಟ್ಟಿದ್ದರು. ಮಾಳಿಗೆಯ ಬಾಗಿಲಿಗೆ ಕಿವಿ ಹಚ್ಚಿದ್ದರು.

ಕೂಗದೆ ಹತ್ತಿದ್ದರು.

ಲುತ್ಫಿಯಾಳ ಕೈಯಲ್ಲಿ ಕೆಟಲ್ಲು ಹಾಗೇ ನಿಂತಿತು. ಬಾಗಿಲಾಚೆ ಬೀದಿಯ ಅರ್ಧ ಹೆಂಗಸರು ತಲೆಯ ಮೇಲೆ ಬಟ್ಟೆಯಿಲ್ಲದೆ ಕೂತಿದ್ದಾರೆ. ಈ ಮನುಷ್ಯ ಬಾಗಿಲು ತಳ್ಳಿದರೆ ನಾಳೆಯಿಂದ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ತಳ್ಳದಿದ್ದರೂ ಗುರುವಾರ ಇದೆ. ಅಷ್ಟರಲ್ಲಿ ಒಳಗಿನಿಂದ ಒಂದು ಗಂಡು ದನಿ ಬಂತು.

"ಅಲ್ಲಾಹ್," ಅಂದಿತು ಆ ದನಿ. ನಿಂತಿತು. ಸಿಳ್ಳೆಯ ಹಾಗೆ ಉಸಿರೆಳೆದುಕೊಂಡಿತು. "ಅಯ್ಯೋ ನನ್ನ ಮೊಣಕಾಲೇ. ಅಲ್ಲಾಹ್. ಕಟ್ಟಿದವನ ವಂಶ ಉದ್ಧಾರವಾಗ. ಅಲ್ಲಾಹ್. ಹೀಗಾಗಿ ಪ್ರಿಯ ವೀಕ್ಷಕರೇ, ಈ ಮೆಟ್ಟಿಲಿನ ಅಂತ್ಯ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಆ ನಗೆಗಳ ನಡುವೆ ಒಂದು ನಗೆ, ಕೆಮ್ಮಿನ ಹಾಗೆ ಶುರುವಾಗುವ ನಗೆ, ಬೇರೆಯಾಗಿ ಕೇಳಿಸಿತು. ಹಿಂದೆಲ್ಲ ಆ ಮನೆಯಲ್ಲಿ ಅದು ಕೇಳುತ್ತಿದ್ದದ್ದು ಯಹ್ಯಾ ಹೂರಿಯಾಳ ಕಿವಿಯಲ್ಲಿ ಏನಾದರೂ ಹೇಳಿದಾಗ.

ಹಾಜಿ ಬಾಗಿಲಿನಿಂದ ಕಿವಿ ತೆಗೆದರು. ತಿರುಗಿ ನೋಡಿದರು, ಹೆಂಡತಿ ಕಂಡಳು. ಹಾಜಿ ಮೆಲ್ಲಗೆ ಮೆಟ್ಟಿಲ ಮೇಲೆ ಕೂತುಕೊಂಡು ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡರು.

"ಯಹ್ಯಾನ ಅಮ್ಮಾ," ಅಂದರು, ಪಿಸುದನಿಯಲ್ಲಿ. "ಅದು ಅವಳೇನಾ?"

"ಅವಳೇ."

"ಯಾವಾಗಿಂದ?"

"ನಿಮ್ಮ ನಿಲುವಂಗಿ ಗುಲಾಬಿ ಆದಾಗಿಂದ."

ಹಾಜಿ ತಮ್ಮ ನಿಲುವಂಗಿಯನ್ನು ನೋಡಿಕೊಂಡರು. ಒಳಗೆ ಹೂರಿಯಾ ಮಾವನ ದನಿಯಲ್ಲಿ ಮತ್ತೊಮ್ಮೆ ಮೊದಲ ಅಂತಸ್ತಿನಿಂದ ಹತ್ತಲು ಶುರುಮಾಡಿದ್ದಳು.

"ನಾನು ಹತ್ತೋದು ಅಷ್ಟು ಕೆಟ್ಟದಾಗಿ ಕೇಳುತ್ತಾ?"

"ಇನ್ನೂ ಕೆಟ್ಟದಾಗಿ ಕೇಳುತ್ತೆ," ಅಂದಳು ಲುತ್ಫಿಯಾ. "ಪಾಪ, ಮಾವ ಅಂತ ಮರ್ಯಾದೆ ಇಟ್ಟು ಕಮ್ಮಿ ಮಾಡಿದಾಳೆ."

ಹಾಜಿ ಗೋಡೆ ಹಿಡಿದು ಎದ್ದರು. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಚಪ್ಪಲಿ ಕೈಯಲ್ಲೇ ಹಿಡಿದು, ಬೆಕ್ಕಿನ ಹಾಗೆ, ಐದೂ ಅಂತಸ್ತು ಸದ್ದಿಲ್ಲದೆ ಇಳಿದರು. ಕೆಳಗೆ ಚಪ್ಪಲಿ ಮೆಟ್ಟಿಕೊಂಡ ಸದ್ದಾಯಿತು. ಆಮೇಲೆ ಬುಡದಿಂದ, ಎಂದಿಗಿಂತ ಗಟ್ಟಿಯಾಗಿ, "ಅಲ್ಲಾಹ್, ಅಲ್ಲಾಹ್" ಶುರುವಾಯಿತು.

ಮಾಳಿಗೆಯ ಮೇಲೆ ಗಡಿಬಿಡಿ ಎದ್ದಿತು. ಲುತ್ಫಿಯಾ ಒಳಗೆ ಬಂದಾಗ ರಜಾಯಿಗಳು ಹಾರಿ ಮಿಷನ್ನಿನ ಮೇಲೆ ಬೀಳುತ್ತಿದ್ದವು. ಇವತ್ತೇಕೆ ಈ ಹೊತ್ತಿಗೆ ಅಂತ ಯಾರೋ ಕೇಳಿದರು. ಅವಳು ಕೆಟಲ್ಲು ಕೆಳಗಿಟ್ಟು, ಗಂಡಸರ ಬುದ್ಧಿ ಅಂದಳು. ಆ ಗಡಿಬಿಡಿಯಲ್ಲಿ ಬಟ್ಟೆ ಹಿಂಡುವ ತೊಟ್ಟಿಯನ್ನು ನಿಲ್ಲಿಸುವುದು ಮರೆತುಹೋಯಿತು. ಹಾಜಿ ಬಾಗಿಲಿಗೆ ಬಂದು ನಿಂತಾಗ ರಜಾಯಿಯ ಗುಡ್ಡೆಯ ಮೇಲೆ ಕೂತ ಬಹ್ಜಾ ತಲೆಯಿಂದ ಕಾಲಿನ ತನಕ ಗಡಗಡ ನಡುಗುತ್ತಿದ್ದಳು. ಗುಡ್ಡೆಯೂ ನಡುಗುತ್ತ ಅವಳನ್ನು ಹೊತ್ತುಕೊಂಡು ಮೆಲ್ಲಮೆಲ್ಲಗೆ ಬಾಗಿಲ ಕಡೆಗೇ ನಡೆದು ಬರುತ್ತಿತ್ತು.

ಹಾಜಿ ಆಕಾಶ ನೋಡಿದರು.

"ಒಳಗಿರೋರಿಗೆ ಚಳಿ ಹಿಡಿದಿದೆ ಅಂತ ಕಾಣುತ್ತೆ," ಅಂದರು ಹೆಂಡತಿಗೆ.

"ಹ್ಞೂಂ," ಅಂದಳು ಲುತ್ಫಿಯಾ. "ಮಂಗಳವಾರದ ಚಳಿ."

"ಬಿಸಿಲಲ್ಲಿ ಕೂತ್ರೆ ಸರಿಹೋಗುತ್ತೆ. ಫಲಕ ಎಲ್ಲ ಚೆನ್ನಾಗೇ ಇವೆ. ದೋಷ ಬ್ಯಾಟರಿದು." ಅಷ್ಟು ಹೇಳಿ ಇಳಿದರು. ಹೂರಿಯಾ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ಮುಖ ಮಾಡಿದ್ದಳು. ಅವಳ ಬೆನ್ನೂ ನಡುಗುತ್ತಿತ್ತು.

ಆ ಸಂಜೆ ಜನರಲ್ ಗಂಟಲು ಸರಿಮಾಡಿಕೊಂಡ, ಬೆಟ್ಟಗಳನ್ನು ಹೆಸರಿಸಿದ, ಕೋಲು ಬಗಲಿಗಿಟ್ಟ, ಕತ್ತಲಾಯಿತು. ಗಾಲಿಬ್, ಇರಲಿ, ಗುರುವಾರ ಎಲ್ಲ ಸರಿಹೋಗುತ್ತದೆ ಅಂದ. ಗುರುವಾರ ಏನೂ ಇಲ್ಲ, ನಾಜಿಗೆ ಬೇಡ ಅಂತ ಹೇಳಿ ಕಳಿಸಿದ್ದೇನೆ ಅಂದರು ಹಾಜಿ. ನಿನ್ನ ಅಂಗಡಿಯ ಚಾವಣಿ ತೀರ ತಗ್ಗು, ಹಾದಿಯಲ್ಲಿ ಹೋಗುವ ಒಂಟೆಯೂ ನೆಕ್ಕಬಹುದು. ಹಾಗಾದರೆ ಅಂತ್ಯ ಗೊತ್ತಾಗುವುದು ಹೇಗೆ ಅಂತ ಗಾಲಿಬ್ ಕೇಳಿದ. ಹಾಜಿ ಮೇಣದ ಬತ್ತಿ ಹಚ್ಚಿ ನಡುವೆ ಇಟ್ಟರು. ಜನರಲ್ ಬೆಟ್ಟ ನೋಡಿದ್ದು ನಕಾಶೆಯಲ್ಲಿ, ನಾವು ಹತ್ತಿ ಇಳಿದವರು, ನಾವೇ ಮುಗಿಸೋಣ ಅಂದರು.

ಗಾಲಿಬ್ ಹುಕ್ಕಾದ ಕೊಳವೆಯನ್ನು ಕೋಲಿನಂತೆ ಹಿಡಿದು ಎದ್ದು ನಿಂತ. ಅವನ ಬಾಯಲ್ಲಿ ಆವತ್ತು ಯುದ್ಧ ಎರಡು ಸಲ ಮುಗಿಯಿತು. ಇನ್ನೊಬ್ಬ ಅದನ್ನು ಒಂದು ಮದುವೆಯಲ್ಲಿ ಮುಗಿಸಿದ, ಕುರಿಗಳ ಲೆಕ್ಕದಲ್ಲಿ ಸ್ವಲ್ಪ ವಾದವಾಯಿತು. ಮನೆಗೆ ಹೋಗುವಾಗ ಎಲ್ಲರೂ, ಟೀವಿಯವನಿಗಿಂತ ನಮ್ಮದೇ ವಾಸಿ, ನಮ್ಮದರಲ್ಲಿ ಮುಗಿಯುವುದಾದರೂ ಮುಗಿಯುತ್ತದೆ ಅಂದರು.

ಮುಂದಿನ ಮಂಗಳವಾರ ಮಿಷನ್ನು ತಿರುಗುತ್ತಿದ್ದಾಗ ಕೆಳಗಿನಿಂದ ಮತ್ತೆ ಹಾಜಿಯ ಕೂಗು ಕೇಳಿಸಿತು. ಹೂರಿಯಾ ಬೆರಳೆತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. "ಅಲ್ಲಾಹ್." ದೊಡ್ಡ ಉಸಿರು. "ಅಯ್ಯೋ." ಹೂರಿಯಾ ಕಣ್ಣು ಮುಚ್ಚಿ, ಕಲಿಯುವವಳ ಹಾಗೆ ತುಟಿ ಅಲುಗಿಸುತ್ತ ಕೇಳಿಸಿಕೊಂಡಳು. ಈ ಸಲ ನರಳಾಟ ಎಂದಿಗಿಂತ ಉದ್ದವಾಗಿತ್ತು, ತಿರುವಿಗೊಂದು ಹೊಸ ಬೈಗುಳವೂ ಇತ್ತು. ಆದರೆ ದನಿ ಹತ್ತಿರವಾಗುತ್ತಿರಲಿಲ್ಲ. ಲುತ್ಫಿಯಾ ಅನುಮಾನದಿಂದ ಇಳಿದು ಹೋದಳು.

ಹಾಜಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಒಂದು ಪೊಟ್ಟಣ ಒಣದ್ರಾಕ್ಷಿ. ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, ಅಗಿದು ನುಂಗಿ, ತಲೆ ಮೇಲಕ್ಕೆತ್ತಿ "ಅಲ್ಲಾಹ್" ಅನ್ನುತ್ತಿದ್ದರು. ಮೇಲಿನಿಂದ ನಗೆ ಇಳಿದು ಬರುತ್ತಿತ್ತು. ಅದು ಪೂರ್ತಿ ನಿಲ್ಲುವ ತನಕ ಕಾದು ಮುಂದಿನದು ಕೂಗುತ್ತಿದ್ದರು.

"ಯಹ್ಯಾನ ಅಪ್ಪಾ," ಅಂದಳು ಲುತ್ಫಿಯಾ, "ಎಷ್ಟನೇ ಅಂತಸ್ತಿಗೆ ಬಂದ್ರಿ?"

"ಮೂರನೇದು," ಅಂದರು ಹಾಜಿ, ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡುತ್ತ. "ಸುಮ್ನೆ ಕೂತ್ಕೋ. ಈಗ ಮೊಣಕಾಲು ನೋಯಬೇಕು."